ಜೀಪಿನ ಆಂಪಿಯರ್ ಮೀಟರು: ಮುಳ್ಳು ಹೇಳುವ ಜಮಾ-ಖರ್ಚು



ಮಳೆಗಾಲಕ್ಕೆ ಮೊದಲಿನ ಸಂಚಿಕೆಯಲ್ಲಿ ಬೋರ್ಡೋ ದ್ರಾವಣ, ಅಡಿಕೆಯ ಕೊಳೆರೋಗ, ಕಾಫಿ ತೋಟದ ಮರಗಸಿ, ಇವುಗಳ ವಿಚಾರ ಬರೆಯುವುದು ವಾಡಿಕೆ. ಈ ಸಲ ಬೇರೆ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ನಮ್ಮ ಸದಸ್ಯರಲ್ಲಿ ಹಲವರ ಕೊಟ್ಟಿಗೆಯ ಪಕ್ಕದಲ್ಲಿ ಇಂದಿಗೂ ಹಳೆಯ ಜೀಪೋ ಅಂಬಾಸಿಡರ್ ಕಾರೋ ನಿಂತಿದೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತುಹೋಯಿತು. ಹಳೆಯ ಪೆಟ್ರೋಲ್ ಜೀಪುಗಳ ಕಾಲ ಅದಕ್ಕೂ ಮೊದಲೇ ಮುಗಿಯಿತು. ಆದರೂ ಒಳದಾರಿಯ ಕೆಸರಿನಲ್ಲಿ, ತೋಟದ ಏರಿನಲ್ಲಿ ಅವುಗಳಷ್ಟು ನಂಬಿಗಸ್ತ ಗಾಡಿ ಬೇರೆ ಇಲ್ಲವೆಂದು ನಂಬಿರುವ ನಮ್ಮಂಥವರು ಅವನ್ನು ಬಿಟ್ಟುಕೊಡಲು ಸಿದ್ಧರಿಲ್ಲ. ಬಿಟ್ಟುಕೊಡದ ಮೇಲೆ ಅವುಗಳ ಮಾತು ನಮಗೆ ಅರ್ಥವಾಗಬೇಕು. ಆ ಮಾತಿನಲ್ಲಿ ಮುಖ್ಯವಾದುದು ಡ್ಯಾಶ್ ಬೋರ್ಡಿನ ಆಂಪಿಯರ್ ಮೀಟರಿನದು.

ಒಂದು ರಾತ್ರಿಯ ಪಾಠ

ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. 1998ರ ಜುಲೈ ತಿಂಗಳು. ಒಂದು ವಾರದಿಂದ ಮಳೆ ಬಿಟ್ಟಿರಲಿಲ್ಲ. ಕರೆಂಟು, ಫೋನು ಎರಡೂ ಹೋಗಿದ್ದವು. ರಾತ್ರಿ ಹತ್ತರ ಸುಮಾರಿಗೆ ತೋಟದ ಲೈನಿನಲ್ಲಿದ್ದ ಹೆಣ್ಣುಮಗಳೊಬ್ಬರಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ತಂದೆಯವರ ಕಾಲದ ಪೆಟ್ರೋಲ್ ಜೀಪು ಹೊರಡಿಸಿದೆವು. ಸೆಲ್ಫ್ ಒಂದೇ ಸಲಕ್ಕೆ ಹೊಡೆಯಿತು. ಪೇಟೆಯ ಆಸ್ಪತ್ರೆಗೆ ಹತ್ತೊಂಬತ್ತು ಮೈಲಿ. ಹೆಡ್ ಲೈಟು, ವೈಪರು ಎರಡನ್ನೂ ಹಾಕಿಕೊಂಡೇ ಹೋಗಬೇಕು. ಅರ್ಧ ದಾರಿಯಲ್ಲಿ ಬೆಳಕು ಕೆಂಪಗಾಯಿತು. ಮತ್ತೆರಡು ತಿರುವು ದಾಟುವಷ್ಟರಲ್ಲಿ ಎಂಜಿನ್ ಮುಗ್ಗರಿಸಿ ನಿಂತಿತು. ಸೆಲ್ಫ್ ಒತ್ತಿದರೆ ಟಕ್ ಎಂಬ ಸದ್ದು, ಅಷ್ಟೇ.

ಕಾಡಿನ ನಡುವೆ, ಆ ಮಳೆಯಲ್ಲಿ, ಒಂದು ಗಂಟೆಗೂ ಮಿಕ್ಕಿ ಕಾದೆವು. ಹಿಂದಿನ ಸೀಟಿನಲ್ಲಿ ಆ ತಾಯಿಯ ನರಳಾಟ ಕೇಳುತ್ತಿತ್ತು. ಅಡಿಕೆ ಹೇರಿಕೊಂಡು ಬಂದ ಲಾರಿಯೊಂದು ದೇವರಂತೆ ಸಿಕ್ಕಿತು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಉಳಿದದ್ದು ನಮ್ಮ ಜಾಣತನದಿಂದಲ್ಲ.

ಮರುದಿನ ಬಂದ ಹಳೆಯ ಮೇಸ್ತ್ರಿ ಡೈನಮೋ ಬಿಚ್ಚಿ ತೋರಿಸಿದರು. ಕಾರ್ಬನ್ ಪೂರ್ತಿ ಸವೆದು, ಕಮ್ಯುಟೇಟರಿಗೆ ತಾಗುತ್ತಲೇ ಇರಲಿಲ್ಲ. "ಮೀಟರು ಏನು ತೋರಿಸ್ತಿತ್ತು ಅಯ್ಯಾ?" ಎಂದು ಕೇಳಿದರು. ಹದಿನೈದು ದಿನದಿಂದ ಮುಳ್ಳು ಎಡಕ್ಕೆ ವಾಲಿಯೇ ಇತ್ತು, ಮೀಟರೇ ಕೆಟ್ಟಿದೆ ಎಂದುಕೊಂಡೆವು ಎಂದೆವು. "ಮೀಟರು ಸರಿಯಾಗೇ ಹೇಳ್ತಿತ್ತಲ್ಲ, ನೀವು ಕೇಳಲಿಲ್ಲ" ಎಂದರು. ಆ ಕಾರ್ಬನ್ ಜೋಡಿಗೆ ಅಂದು ಒಂದು ಊಟದಷ್ಟೂ ಬೆಲೆ ಇರಲಿಲ್ಲ.

ಹದಿನೈದು ದಿನ ಡೈನಮೋ ಸತ್ತಿದ್ದರೂ ಜೀಪು ಓಡಿದ್ದು ಹೇಗೆ? ಹಗಲಿನಲ್ಲಿ ಪೆಟ್ರೋಲ್ ಎಂಜಿನ್ನಿನ ಕಾಯಿಲಿಗೆ ಬೇಕಾದುದು ಸುಮಾರು 3 ಆಂಪಿಯರ್ ಮಾತ್ರ. ದಿನಕ್ಕೆ ಅರ್ಧ ಗಂಟೆ ಓಡಿಸಿದರೆ ಬ್ಯಾಟರಿ ಅದನ್ನು ತಾಳಿಕೊಳ್ಳುತ್ತದೆ. ರಾತ್ರಿ ಹೆಡ್ ಲೈಟು, ವೈಪರು ಸೇರಿ ಆ ಖರ್ಚು 15 ಆಂಪಿಯರಿಗೆ ಏರಿತು. ಅಷ್ಟರಲ್ಲಿ ಬ್ಯಾಟರಿಯಲ್ಲಿ ಉಳಿದಿದ್ದುದು ಅಲ್ಪ. ಹೀಗೆ ಗಾಡಿ ಹಗಲು ಬದುಕಿದ್ದು, ನಮಗೆ ಅದು ಅತಿ ಅಗತ್ಯವಾದ ರಾತ್ರಿಯಲ್ಲೇ ಸಾಯುತ್ತದೆ.

ಮೀಟರು ಅಳೆಯುವುದೇನು?

ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನಲ್ಲಿ ಸ್ಪೀಡೋಮೀಟರಿನ ಜೊತೆಗೆ ನಾಲ್ಕು ಸಣ್ಣ ಮೀಟರುಗಳಿದ್ದವು: ಪೆಟ್ರೋಲ್, ಆಯಿಲ್ ಒತ್ತಡ, ನೀರಿನ ಬಿಸಿ ಮತ್ತು ಆಂಪಿಯರ್. ಮುಂದೆ ಬಂದ ಹಲವು ಗಾಡಿಗಳಲ್ಲಿ ಇದೇ ಕ್ರಮ ಉಳಿಯಿತು. ಕೆಲವು ಗಾಡಿಗಳಲ್ಲಿ ಆಂಪಿಯರ್ ಮೀಟರಿನ ಬದಲು ಕೆಂಪು ದೀಪ ಬಂತು. ದೀಪವು ಚಾರ್ಜು ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಮೀಟರು ಎಷ್ಟು ಎಂಬುದನ್ನೂ ಹೇಳುತ್ತದೆ.

ಆದರೆ ಒಂದು ತಪ್ಪು ತಿಳುವಳಿಕೆಯನ್ನು ಮೊದಲು ಬಿಡಬೇಕು. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬುದನ್ನು ಈ ಮೀಟರು ತೋರಿಸುವುದಿಲ್ಲ. ಸಂಘದ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಇದು ಖಾತೆಯ ಬಾಕಿಯನ್ನು ತೋರುವ ಪಾಸ್ ಪುಸ್ತಕವಲ್ಲ. ಈ ಗಳಿಗೆಯಲ್ಲಿ ಕೌಂಟರಿನಲ್ಲಿ ಹಣ ಜಮಾ ಆಗುತ್ತಿದೆಯೋ, ಖರ್ಚಾಗುತ್ತಿದೆಯೋ, ಯಾವ ವೇಗದಲ್ಲಿ, ಎಂಬುದನ್ನು ಮಾತ್ರ ತೋರುತ್ತದೆ. ಮುಳ್ಳು ನಡುವಿನ ಸೊನ್ನೆಯಲ್ಲಿದ್ದರೆ ಜಮಾವೂ ಇಲ್ಲ, ಖರ್ಚೂ ಇಲ್ಲ. ಪ್ಲಸ್ ಅಥವಾ 'ಸಿ' ಎಂದು ಬರೆದ ಕಡೆಗೆ ಹೋದರೆ ಜಮಾ. ಮೈನಸ್ ಅಥವಾ 'ಡಿ' ಕಡೆಗೆ ಹೋದರೆ ಖರ್ಚು.

ಇದರ ರಚನೆ ಸರಳ. ತಂತಿಯಲ್ಲಿ ವಿದ್ಯುತ್ ಹರಿದಾಗ ಹತ್ತಿರವಿರುವ ದಿಕ್ಸೂಚಿಯ ಮುಳ್ಳು ತಿರುಗುತ್ತದೆಂದು ಡೆನ್ಮಾರ್ಕಿನ ಓರ್ಸ್ಟೆಡ್ 1820ರಲ್ಲಿ ತೋರಿಸಿದರು. ಗಾಡಿಯ ಮೀಟರಿನಲ್ಲಿ ನಡೆಯುವುದೂ ಅದೇ. ಒಳಗೆ ದಪ್ಪನೆಯ ಲೋಹದ ಪಟ್ಟಿಯೊಂದಿದೆ. ಅದರ ಹತ್ತಿರ ಒಂದು ಅಯಸ್ಕಾಂತವೂ ಮುಳ್ಳಿಗೆ ಅಂಟಿದ ಸಣ್ಣ ಕಬ್ಬಿಣದ ತುಂಡೂ ಇವೆ. ಪಟ್ಟಿಯಲ್ಲಿ ವಿದ್ಯುತ್ ಹರಿದ ದಿಕ್ಕಿಗೆ ತಕ್ಕಂತೆ ಮುಳ್ಳು ಈ ಕಡೆಗೋ ಆ ಕಡೆಗೋ ವಾಲುತ್ತದೆ.

ಬ್ಯಾಟರಿಯಿಂದ ಹೊರಟ ತಂತಿ ಮೀಟರಿನ ಒಂದು ಬೋಲ್ಟಿಗೆ ಬರುತ್ತದೆ. ಇನ್ನೊಂದು ಬೋಲ್ಟಿನಿಂದ ಇಗ್ನಿಷನ್ ಕೀ, ಲೈಟಿನ ಸ್ವಿಚ್ಚು, ಡೈನಮೋದ ಕಟೌಟ್ ಪೆಟ್ಟಿಗೆ, ಇವೆಲ್ಲಕ್ಕೂ ತಂತಿಗಳು ಹೋಗುತ್ತವೆ. ಕೆರೆಯ ತೂಬಿನಂತೆ, ಒಳಗೆ ಬರುವ ನೀರೂ ಹೊರಗೆ ಹೋಗುವ ನೀರೂ ಇಲ್ಲಿಯೇ ಹಾದುಹೋಗಬೇಕು. ಸೆಲ್ಫ್ ಮೋಟಾರಿನ ದಪ್ಪ ಕೇಬಲ್ ಮಾತ್ರ ನೇರ ಬ್ಯಾಟರಿಯಿಂದ ಹೋಗುತ್ತದೆ. ಅದು ನೂರಾರು ಆಂಪಿಯರ್ ಎಳೆಯುವುದರಿಂದ ಈ ಮೀಟರು ಅದನ್ನು ತಾಳಲಾರದು.

ಎಲ್ಲ ಸರಿಯಿದ್ದಾಗ ಮುಳ್ಳು ಹೇಗಿರುತ್ತದೆ?

ರೋಗ ಗುರುತಿಸಬೇಕಾದರೆ ಆರೋಗ್ಯ ಹೇಗಿರುತ್ತದೆಂದು ತಿಳಿದಿರಬೇಕು. 12 ವೋಲ್ಟಿನ ಡೈನಮೋ ಗಾಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಎಲ್ಲ ಸ್ವಿಚ್ಚುಗಳೂ ಆರಿರುವಾಗ ಮುಳ್ಳು ಸೊನ್ನೆಯಲ್ಲಿರಬೇಕು. ಪೆಟ್ರೋಲ್ ಗಾಡಿಯ ಕೀ ತಿರುಗಿಸಿದಾಗ, ಪಾಯಿಂಟು ಕೂಡಿಕೊಂಡಿದ್ದರೆ, ಮುಳ್ಳು ಖರ್ಚಿನ ಕಡೆಗೆ 3 ಆಂಪಿಯರಿನಷ್ಟು ವಾಲುತ್ತದೆ. ಎಂಜಿನ್ ಹೊರಟು ಸ್ವಲ್ಪ ವೇಗ ಹಿಡಿದ ಮೇಲೆ ಮುಳ್ಳು ಜಮಾದ ಕಡೆಗೆ 10 ಅಥವಾ 15ಕ್ಕೆ ಏರುತ್ತದೆ. ಸೆಲ್ಫ್ ಹೊಡೆದಾಗ ತೆಗೆದ ಸಾಲ ತೀರುವ ಹೊತ್ತು ಅದು. ಕೆಲವು ಮೈಲಿ ಹೋಗುವಷ್ಟರಲ್ಲಿ ಮುಳ್ಳು ನಿಧಾನವಾಗಿ ಇಳಿದು ಸೊನ್ನೆಗಿಂತ ತುಸು ಜಮಾದಲ್ಲಿ ನಿಲ್ಲುತ್ತದೆ. ಬ್ಯಾಟರಿ ತುಂಬಿದೆ ಎಂದೇ ಅದರ ಅರ್ಥ. ಚಾರ್ಜು ನಿಂತುಹೋಯಿತೆಂದು ಗಾಬರಿಪಡಬೇಕಾಗಿಲ್ಲ.

ರಾತ್ರಿ ಲೈಟು ಹಾಕಿಕೊಂಡು ಎಂಜಿನ್ನನ್ನು ನಿಧಾನಕ್ಕೆ ಬಿಟ್ಟರೆ ಮುಳ್ಳು ಖರ್ಚಿಗೆ ಇಳಿಯುವುದು ಡೈನಮೋ ಗಾಡಿಯಲ್ಲಿ ಸಹಜ. ಡೈನಮೋ ಕಡಿಮೆ ವೇಗದಲ್ಲಿ ವಿದ್ಯುತ್ ಕೊಡುವುದಿಲ್ಲ. ವೇಗ ಕೊಟ್ಟ ಕೂಡಲೇ ಮುಳ್ಳು ಮೇಲೆ ಬಂದರೆ ಎಲ್ಲವೂ ಸರಿಯೆಂದು ತಿಳಿಯಬಹುದು. ಆಲ್ಟರ್ನೇಟರ್ ಇರುವ ಗಾಡಿಗಳು ನಿಧಾನದಲ್ಲೂ ಸ್ವಲ್ಪಮಟ್ಟಿಗೆ ಚಾರ್ಜು ಮಾಡುತ್ತವೆ.

ಮೀಟರನ್ನೇ ಮೊದಲು ಪರೀಕ್ಷಿಸಿ

ದೋಷ ಮೀಟರಿನದೋ, ಗಾಡಿಯದೋ? ಇದನ್ನು ಕಂಡುಹಿಡಿಯಲು ಯಾವ ಉಪಕರಣವೂ ಬೇಡ. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಹೆಡ್ ಲೈಟ್ ಹಾಕಿ. 45 ವಾಟಿನ ಎರಡು ಬಲ್ಬು ಎಂದರೆ 90 ವಾಟು. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ ಏಳೂವರೆ ಆಂಪಿಯರ್. ಹಿಂದಿನ ದೀಪ, ನಂಬರ್ ಪ್ಲೇಟಿನ ದೀಪ ಸೇರಿ 9 ಅಥವಾ 10. ಮುಳ್ಳು ಖರ್ಚಿನ ಕಡೆ ಸುಮಾರು ಅಷ್ಟನ್ನು ತೋರಿದರೆ ಮೀಟರು ಸರಿಯಾಗಿದೆ. ಹಳೆಯ 6 ವೋಲ್ಟಿನ ಗಾಡಿಯಾದರೆ ಅಷ್ಟೇ ವಾಟಿಗೆ ಆಂಪಿಯರ್ ಇಮ್ಮಡಿಯಾಗುತ್ತದೆ ಎಂಬುದು ನೆನಪಿರಲಿ.

ಲೈಟು ಉರಿದರೂ ಮುಳ್ಳು ಅಲ್ಲಾಡದಿದ್ದರೆ ಎರಡು ಕಾರಣ ಇರಬಹುದು. ಮೀಟರಿನೊಳಗಿನ ಮುಳ್ಳು ತುಕ್ಕಿನಿಂದ ಸಿಕ್ಕಿಕೊಂಡಿದೆ, ಅಥವಾ ಹಿಂದೆ ಯಾರೋ ಲೈಟಿನ ತಂತಿಯನ್ನು ಮೀಟರು ತಪ್ಪಿಸಿ ನೇರ ಬ್ಯಾಟರಿಗೆ ಕಟ್ಟಿದ್ದಾರೆ. ಗಾಜಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಮುಳ್ಳು ಹಾರಿದರೆ ಮೊದಲನೆಯ ಕಾರಣ.

ಲೈಟು ಹಾಕಿದಾಗ ಮುಳ್ಳು ಜಮಾದ ಕಡೆಗೆ ಹೋದರೆ ಮೀಟರಿನ ತಂತಿಗಳು ಅದಲುಬದಲಾಗಿವೆ. ಬ್ಯಾಟರಿ ಬಿಚ್ಚಿ, ಎರಡು ಬೋಲ್ಟಿನ ತಂತಿಗಳನ್ನು ಅತ್ತಿತ್ತ ಮಾಡಿದರೆ ಸರಿಹೋಗುತ್ತದೆ. ಆ ಕಾಲದ ಇಂಗ್ಲಿಷ್ ಗಾಡಿಗಳಲ್ಲಿ ಹಲವಕ್ಕೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಅರ್ಥ್ ಆಗಿರುತ್ತಿತ್ತು. ಅಂಥ ಗಾಡಿಯನ್ನು ಮೈನಸ್ ಅರ್ಥಿಗೆ ಬದಲಾಯಿಸಿದಾಗ ಮೀಟರಿನ ತಂತಿ ಬದಲಿಸಲು ಮರೆಯುವುದುಂಟು. ಅಂಥ ಬದಲಾವಣೆಯಲ್ಲಿ ಡೈನಮೋವನ್ನೂ ಹೊಸ ದಿಕ್ಕಿಗೆ ಹೊಂದಿಸಬೇಕಾಗುತ್ತದೆ. ಅದು ಬಲ್ಲ ಎಲೆಕ್ಟ್ರೀಷಿಯನ್ನರ ಕೆಲಸ.

ಮುಳ್ಳು ತೋರುವ ದೋಷಗಳು

ಮೀಟರು ಸರಿಯಿದೆ ಎಂದಾದ ಮೇಲೆ ಮುಂದಿನ ವಿಚಾರಣೆ.

1. ಎಂಜಿನ್ ವೇಗದಲ್ಲಿದ್ದರೂ ಮುಳ್ಳು ಸದಾ ಖರ್ಚಿನಲ್ಲಿ. ಮೊದಲು ಫ್ಯಾನ್ ಬೆಲ್ಟ್ ನೋಡಿ. ಎಂಜಿನ್ ನಿಲ್ಲಿಸಿ, ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟು ಸುಮಾರು ಅರ್ಧ ಅಂಗುಲ ತಗ್ಗಬೇಕು. ಹೆಚ್ಚು ತಗ್ಗಿದರೆ ಜಾರುತ್ತಿದೆ. ಮಳೆಯಲ್ಲಿ ಒದ್ದೆಯಾದ ಸಡಿಲ ಬೆಲ್ಟು ಇನ್ನೂ ಜಾರುತ್ತದೆ. ಬೆಲ್ಟು ಸರಿಯಿದ್ದರೆ ಡೈನಮೋದ ಹಿಂಬದಿಯ ಪಟ್ಟಿ ಸರಿಸಿ ಕಾರ್ಬನ್ ನೋಡಿ. ಕಾರ್ಬನ್ ಗಿಡ್ಡವಾಗಿದ್ದರೆ, ಅಥವಾ ತನ್ನ ಗೂಡಿನಲ್ಲಿ ಸಿಕ್ಕಿಕೊಂಡಿದ್ದರೆ, ರೋಗ ಅಲ್ಲಿಯೇ. ಕಮ್ಯುಟೇಟರ್ ಕಪ್ಪಾಗಿದ್ದರೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬ್ಯಾಟರಿ ಬಿಚ್ಚಿರಬೇಕು, ಎಂಜಿನ್ ತಣ್ಣಗಿರಬೇಕು, ಪೆಟ್ರೋಲ್ ಆವಿ ಪೂರ್ತಿ ಆರುವವರೆಗೆ ಗಾಡಿ ಹೊರಡಿಸಬಾರದು.

ಲೂಕಾಸ್ ಮಾದರಿಯ ಡೈನಮೋಗೆ ಇನ್ನೊಂದು ಪರೀಕ್ಷೆ ಇದೆ. ಅದರ 'ಡಿ' ಮತ್ತು 'ಎಫ್' ತಂತಿಗಳನ್ನು ಬಿಚ್ಚಿ, ಆ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ, ಅಲ್ಲಿಂದ ಬಾಡಿಗೆ ವೋಲ್ಟ್ ಮೀಟರು ಹಿಡಿಯಬೇಕು. ಎಂಜಿನ್ನಿಗೆ ಮೆಲ್ಲಗೆ ವೇಗ ಕೊಟ್ಟಂತೆ ವೋಲ್ಟು ಚುರುಕಾಗಿ ಏರಿದರೆ ಡೈನಮೋ ಸರಿಯಿದೆ, ದೋಷ ಕಟೌಟ್ ಪೆಟ್ಟಿಗೆಯಲ್ಲಿ ಅಥವಾ ನಡುವಿನ ತಂತಿಯಲ್ಲಿದೆ. 20 ವೋಲ್ಟಿಗೆ ಮೇಲೆ ಏರಲು ಬಿಡಬೇಡಿ. ಬೇರೆ ಮಾದರಿಯ ಡೈನಮೋಗಳ ಜೋಡಣೆ ಬೇರೆ. ಆಲ್ಟರ್ನೇಟರಿಗಂತೂ ಈ ಪರೀಕ್ಷೆ ಕೂಡದು.

2. ಗಾಡಿ ನಿಲ್ಲಿಸಿ ಕೀ ತೆಗೆದ ಮೇಲೂ ಮುಳ್ಳು ಖರ್ಚಿನ ಕಡೆಗೆ ಬಲವಾಗಿ ವಾಲಿದೆ. ಇದು ಅಪಾಯದ ಚಿಹ್ನೆ. ಕೂಡಲೇ ಬ್ಯಾಟರಿಯ ತಂತಿ ಬಿಚ್ಚಬೇಕು. ಕಟೌಟಿನ ಪಾಯಿಂಟು ಅಂಟಿಕೊಂಡು ಬ್ಯಾಟರಿಯ ವಿದ್ಯುತ್ ಹಿಂದಕ್ಕೆ ಡೈನಮೋಗೆ ಹರಿಯುತ್ತಿರಬಹುದು. ಅಥವಾ ಎಲ್ಲೋ ತಂತಿಯ ಸಿಪ್ಪೆ ಹೋಗಿ ಬಾಡಿಗೆ ತಾಗಿರಬಹುದು. ಮಳೆಗಾಲದಲ್ಲಿ ಶೆಡ್ಡಿಗೆ ಸೇರುವ ಇಲಿಗಳು ತಂತಿ ಕಡಿಯುವುದು ನಮಗೆಲ್ಲ ಗೊತ್ತಿದ್ದದ್ದೇ.

3. ಮುಳ್ಳು ಸೊನ್ನೆಯಲ್ಲೇ ಇದೆ, ಆದರೂ ನಾಲ್ಕೈದು ದಿನ ನಿಂತರೆ ಬ್ಯಾಟರಿ ಇಳಿಯುತ್ತದೆ. ಸಣ್ಣ ಸೋರಿಕೆಯನ್ನು ಈ ಮೀಟರು ತೋರಿಸಲಾರದು. 30 ಆಂಪಿಯರಿನ ಅಳತೆಯಲ್ಲಿ ಅರ್ಧ ಆಂಪಿಯರ್ ಕಣ್ಣಿಗೆ ಕಾಣುವುದಿಲ್ಲ. ಆದರೆ ಅರ್ಧ ಆಂಪಿಯರ್ ಸೋರಿದರೆ 60 ಆಂಪಿಯರ್-ಗಂಟೆಯ ಬ್ಯಾಟರಿ 120 ಗಂಟೆಗೆ, ಅಂದರೆ ಐದು ದಿನಕ್ಕೆ, ಬರಿದಾಗುತ್ತದೆ. ಎಲ್ಲ ಸ್ವಿಚ್ಚು ಆರಿಸಿ, ಬ್ಯಾಟರಿಯ ಅರ್ಥ್ ತಂತಿ ಬಿಚ್ಚಿ, ತಂತಿಗೂ ಬ್ಯಾಟರಿಗೂ ನಡುವೆ ಒಂದು ಸಣ್ಣ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಬಲ್ಬು ಮಿಣುಕಿದರೆ ಸೋರಿಕೆ ಇದೆ. ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಬಲ್ಬು ಆರುತ್ತದೋ ಆ ದಾರಿಯಲ್ಲಿ ಹುಡುಕಿ.

4. ಎಷ್ಟು ದೂರ ಹೋದರೂ ಜಮಾ ಇಳಿಯುವುದಿಲ್ಲ. ಇದನ್ನು ಕಂಡು ಸಂತೋಷಪಡುವವರಿದ್ದಾರೆ. ಆದರೆ ಇದೂ ರೋಗವೇ. ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದರೆ 14ರಿಂದ 14.5 ವೋಲ್ಟ್ ಸುಮಾರಿಗೆ ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಹದ ತಪ್ಪಿದೆ. ಬ್ಯಾಟರಿ ಕುದಿದು ನೀರು ಬೇಗ ಇಂಗುತ್ತದೆ, ಬಲ್ಬುಗಳು ಸುಡುತ್ತವೆ. ವೋಲ್ಟು ಸರಿಯಿದ್ದೂ ಮುಳ್ಳು ಇಳಿಯದಿದ್ದರೆ ಬ್ಯಾಟರಿಯ ಒಂದು ಸೆಲ್ ಒಳಗೇ ಕೆಟ್ಟಿರುವ ಸಂಭವ ಹೆಚ್ಚು. ತೂತು ಕೆರೆಗೆ ಎಷ್ಟು ನೀರು ಬಿಟ್ಟರೂ ತುಂಬುವುದಿಲ್ಲ.

5. ಮುಳ್ಳು ಒಂದೇ ಸಮನೆ ನಡುಗುತ್ತದೆ. ಇಂಡಿಕೇಟರ್ ಹಾಕಿದಾಗ ತಾಳಕ್ಕೆ ಸರಿಯಾಗಿ ಕುಣಿದರೆ ಅದು ಸಹಜ. ಉಳಿದಂತೆ ನಡುಗಿದರೆ ಸಡಿಲ ಬೆಲ್ಟು, ಸವೆದ ಕಾರ್ಬನ್, ಅಥವಾ ಸಡಿಲ ನಟ್ಟು. ಬ್ಯಾಟರಿಯ ತುದಿಯಿಂದ ಹೊರಟು ಒಂದೊಂದೇ ಜೋಡಣೆಯನ್ನು ಪರೀಕ್ಷಿಸಬೇಕು.

6. ಸೆಲ್ಫ್ ತಿರುಗುತ್ತದೆ, ಆದರೆ ಲೈಟಿಲ್ಲ, ಇಗ್ನಿಷನ್ ಇಲ್ಲ, ಮುಳ್ಳು ಸೊನ್ನೆಯಲ್ಲಿ. ಕಾಲಿನಿಂದ ಸೆಲ್ಫ್ ಒತ್ತುವ ಹಳೆಯ ಜೀಪುಗಳಲ್ಲಿ ಇದು ಸ್ಪಷ್ಟ ಸೂಚನೆ. ಬ್ಯಾಟರಿಯಿಂದ ಮೀಟರಿಗೆ ಬರುವ ತಂತಿಯೋ, ಮೀಟರಿನ ಒಳಗಿನ ಪಟ್ಟಿಯೋ ಕಡಿದಿದೆ. ದಾರಿಯಲ್ಲಿ ಹೀಗಾದರೆ ಬ್ಯಾಟರಿ ಬಿಚ್ಚಿ, ಮೀಟರಿನ ಎರಡೂ ಕಡೆಯ ತಂತಿಗಳನ್ನು ತೆಗೆದು ಒಂದೇ ನಟ್ಟು ಬೋಲ್ಟಿನಲ್ಲಿ ಬಿಗಿದು, ಇನ್ಸುಲೇಷನ್ ಟೇಪನ್ನು ದಪ್ಪವಾಗಿ ಸುತ್ತಿ, ಬ್ಯಾಟರಿ ಜೋಡಿಸಿದರೆ ಮನೆ ಸೇರಬಹುದು.

ಸುಳ್ಳು ಜಮಾ, ಸುಳ್ಳು ಖರ್ಚು

ಲೆಕ್ಕದ ಪುಸ್ತಕ ಸರಿಯಿದ್ದರೂ ರಸೀತಿಯನ್ನು ತಪ್ಪು ಕಾಲಮ್ಮಿಗೆ ಬರೆದರೆ ತಾಳೆಯಾಗುವುದಿಲ್ಲ. ಗಾಡಿಯಲ್ಲಿ ಇದು ಎರಡು ರೀತಿ ಆಗುತ್ತದೆ.

ಒಂದು, ಮಂಜಿನ ದೀಪವನ್ನೋ ದೊಡ್ಡ ಹಾರ್ನನ್ನೋ ನೇರ ಬ್ಯಾಟರಿಗೆ ಕಟ್ಟುವುದು. ಎಂಜಿನ್ ಓಡುತ್ತಿರುವಾಗ ಆ ದೀಪ ಹಾಕಿದರೆ ಡೈನಮೋದ ವಿದ್ಯುತ್ ಮೀಟರನ್ನು ದಾಟಿ ಬ್ಯಾಟರಿಯ ಕಡೆಗೆ ಹರಿದು, ಅಲ್ಲಿಂದ ದೀಪಕ್ಕೆ ಹೋಗುತ್ತದೆ. ಮುಳ್ಳು ಜಮಾ ಹೆಚ್ಚಾದಂತೆ ತೋರಿಸುತ್ತದೆ. ಬ್ಯಾಟರಿಗೆ ಅದರಲ್ಲಿ ಒಂದು ಕಾಸೂ ಸೇರಿರುವುದಿಲ್ಲ. ಎಂಜಿನ್ ನಿಂತಿದ್ದರೆ ಈ ಖರ್ಚು ಮೀಟರಿಗೆ ಕಾಣುವುದೇ ಇಲ್ಲ. ಆದ್ದರಿಂದ ಹೊಸ ದೀಪಗಳ ತಂತಿಯನ್ನು ಮೀಟರಿನ ಗಾಡಿಯ ಕಡೆಯ ಬೋಲ್ಟಿನಿಂದಲೇ, ಫ್ಯೂಸ್ ಹಾಕಿ ತೆಗೆಯತಕ್ಕದ್ದು. ಆದರೆ ಒಟ್ಟು ಹೊರೆ ಮೀಟರು ಮತ್ತು ತಂತಿ ತಾಳುವ ಮಿತಿಯೊಳಗಿರಬೇಕು.

ಎರಡು, ಆಲ್ಟರ್ನೇಟರ್ ಹಾಕಿಸಿದಾಗ ಅದರ ದಪ್ಪ ತಂತಿಯನ್ನು ನೇರ ಬ್ಯಾಟರಿಗೆ ಕಟ್ಟುವುದು. ಆಗ ಬ್ಯಾಟರಿ ಚೆನ್ನಾಗಿ ಚಾರ್ಜಾಗುತ್ತಿದ್ದರೂ ಮುಳ್ಳು ಯಾವಾಗಲೂ ಖರ್ಚಿನಲ್ಲಿ ನಿಲ್ಲುತ್ತದೆ. ಏಕೆಂದರೆ ಜಮಾ ಮೀಟರಿನ ಮೂಲಕ ಬರುತ್ತಿಲ್ಲ, ಖರ್ಚು ಮಾತ್ರ ಮೀಟರಿನ ಮೂಲಕ ಹೋಗುತ್ತಿದೆ. ಇಂಥ ಗಾಡಿಯಲ್ಲಿ ಡೈನಮೋದ ಕಾಲದ ಮೀಟರು ಚಾರ್ಜಿನ ವಿಚಾರದಲ್ಲಿ ಕೆಲಸಕ್ಕೆ ಬಾರದು.

ಬಿಸಿಯಾಗುವ ನಟ್ಟು

ಈ ಲೇಖನದ ಎಲ್ಲಾ ಮಾತು ಮರೆತರೂ ಇದೊಂದನ್ನು ಮರೆಯಬೇಡಿ. ಬ್ಯಾಟರಿಯಿಂದ ಮೀಟರಿಗೆ ಬರುವ ತಂತಿಗೆ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಕೀ ತೆಗೆದಿದ್ದರೂ ಅದರಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಮೀಟರಿನ ಹಿಂದಿನ ಬೋಲ್ಟು ಕಬ್ಬಿಣದ ಡ್ಯಾಶ್ ಬೋರ್ಡಿಗೆ ತಾಗದಂತೆ ಫೈಬರಿನ ಬಿಲ್ಲೆಗಳಿರುತ್ತವೆ. ವರ್ಷಗಳು ಕಳೆದಂತೆ ಆ ಬಿಲ್ಲೆಗಳು ಪುಡಿಯಾಗುತ್ತವೆ. ಬೋಲ್ಟು ಬಾಡಿಗೆ ತಾಗಿದರೆ ತಂತಿ ಕೆಂಪಗೆ ಕಾದು ಬೆಂಕಿ ಹತ್ತುತ್ತದೆ. ಅದನ್ನು ತಡೆಯಲು ಬೇರೆ ಏನೂ ಇರುವುದಿಲ್ಲ.

ಸಡಿಲ ನಟ್ಟೂ ಅಷ್ಟೇ ಅಪಾಯ. ಕಿಲುಬು ಹಿಡಿದ ಸಡಿಲ ಜೋಡಣೆಯಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗದಷ್ಟು ತಡೆ ಇದ್ದು, 20 ಆಂಪಿಯರ್ ಹರಿದರೆ ಅಲ್ಲಿ 40 ವಾಟು ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯ ಶಾಖ ಅದು. ತಂತಿಯ ಸಿಪ್ಪೆ ಕರಗಲು ಅಷ್ಟು ಸಾಕು. ಡ್ಯಾಶ್ ಬೋರ್ಡಿನ ಹಿಂದೆ ಸುಟ್ಟ ರಬ್ಬರಿನ ವಾಸನೆ ಬಂದರೆ, ಮೀಟರಿನ ಗಾಜು ಮಂಜಾದರೆ, ಇದನ್ನೇ ಮೊದಲು ಸಂಶಯಿಸಬೇಕು. ಮಲ್ಟಿಮೀಟರ್ ಇದ್ದವರು ಹೆಡ್ ಲೈಟ್ ಹಾಕಿ ಮೀಟರಿನ ಎರಡು ತಂತಿಗಳ ಕಣ್ಣುಗಳ ನಡುವೆ ವೋಲ್ಟ್ ಅಳೆಯಬಹುದು. ಒಂದು ವೋಲ್ಟಿನ ಹತ್ತನೇ ಒಂದು ಭಾಗಕ್ಕಿಂತ ಬಹಳ ಹೆಚ್ಚು ಕಂಡರೆ ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿಯಬೇಕು.

ಮೀಟರಿಗೆ ಕೈ ಹಾಕುವ ಮೊದಲು ಬ್ಯಾಟರಿಯ ಅರ್ಥ್ ತಂತಿ ಬಿಚ್ಚುವುದು ಕಡ್ಡಾಯ. ಸ್ಪ್ಯಾನರ್ ಒಂದು ಕ್ಷಣ ಬಾಡಿಗೆ ತಾಗಿದರೂ ಕೈ ಸುಡುತ್ತದೆ. ಮೀಟರು ಸರಿಯಿದೆಯೇ ನೋಡೋಣವೆಂದು ಅದನ್ನು ಬ್ಯಾಟರಿಯ ಎರಡು ತುದಿಗಳಿಗೆ ನೇರ ಹಿಡಿಯಲೇಬಾರದು. ಅದರೊಳಗಿನ ಪಟ್ಟಿಗೆ ತಡೆಯೇ ಇಲ್ಲದ ಕಾರಣ ಅದು ಬ್ಯಾಟರಿಯನ್ನು ಶಾರ್ಟ್ ಮಾಡಿದಂತೆ.

ಆಲ್ಟರ್ನೇಟರ್ ಹಾಕಿಸಿದವರಿಗೆ

ಹಳೆಯ ಡೈನಮೋ ಸಾಮಾನ್ಯವಾಗಿ 20ರಿಂದ 25 ಆಂಪಿಯರ್ ಕೊಡುತ್ತಿತ್ತು. ಅದಕ್ಕೆ 30 ಆಂಪಿಯರಿನ ಮೀಟರು ಸಾಕಾಗಿತ್ತು. ಈಚೆಗೆ ಹಾಕಿಸುವ ಆಲ್ಟರ್ನೇಟರುಗಳು 35, 45, 60 ಆಂಪಿಯರ್ ಕೊಡಬಲ್ಲವು. ಬ್ಯಾಟರಿ ಇಳಿದಿದ್ದಾಗ ಅಷ್ಟೂ ವಿದ್ಯುತ್ ಹಳೆಯ ತಂತಿಯಲ್ಲಿ, ಹಳೆಯ ಮೀಟರಿನಲ್ಲಿ ಹರಿದರೆ ಮೇಲೆ ಹೇಳಿದ ಅಪಾಯ ತಪ್ಪಿದ್ದಲ್ಲ. ಅಂಥವರು ಆಂಪಿಯರ್ ಮೀಟರನ್ನು ತೆಗೆದು ವೋಲ್ಟ್ ಮೀಟರು ಹಾಕಿಸುವುದು ಲೇಸು. ಆಲ್ಟರ್ನೇಟರಿನ ತಂತಿ ಅದರ ಆಂಪಿಯರಿಗೆ ತಕ್ಕಷ್ಟು ದಪ್ಪವಾಗಿರಬೇಕು. ವೋಲ್ಟ್ ಮೀಟರಿಗೆ ಸಣ್ಣ ತಂತಿ ಸಾಕು. ಇಗ್ನಿಷನ್ ಕೀಯ ನಂತರದಿಂದ ಫ್ಯೂಸ್ ಮೂಲಕ ಒಂದು ತಂತಿ, ಬಾಡಿಗೆ ಇನ್ನೊಂದು.

ಅದನ್ನು ಓದುವ ಕ್ರಮ ಹೀಗೆ: ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ಇದ್ದರೆ ಬ್ಯಾಟರಿ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕಡಿಮೆ ಇದ್ದರೆ ಚಾರ್ಜಿಗೆ ಹಾಕಬೇಕು. ಎಂಜಿನ್ ಓಡುವಾಗ 14ರ ಆಸುಪಾಸು. ಇನ್ನೊಂದು ಎಚ್ಚರಿಕೆ: ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಬಿಚ್ಚಬಾರದು. ಒಳಗಿನ ಡಯೋಡುಗಳು ಸುಡಬಹುದು.

ಡೀಸೆಲ್ ಜೀಪಿನವರಿಗೂ ಒಂದು ಮಾತು. ಕೈಯಿಂದ ಎಳೆದು ನಿಲ್ಲಿಸುವ ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಹೊರಟ ಮೇಲೆ ಓಡಲು ವಿದ್ಯುತ್ ಬೇಡ. ಆದ್ದರಿಂದ ಚಾರ್ಜು ನಿಂತದ್ದು ದಾರಿಯಲ್ಲಿ ಗೊತ್ತಾಗುವುದಿಲ್ಲ. ನಿಲ್ಲಿಸಿದ ಮೇಲೆ ಮತ್ತೆ ಹೊರಡುವುದಿಲ್ಲ, ಅಷ್ಟೇ. ಮೀಟರು ನೋಡುವ ಅಭ್ಯಾಸ ಅವರಿಗೆ ಇನ್ನೂ ಅಗತ್ಯ.

ಮಳೆ ಹಿಡಿಯುವ ಮೊದಲು

ಮೇ ತಿಂಗಳು ಮುಗಿಯುವುದರೊಳಗೆ ಒಂದು ಮುಂಜಾನೆಯನ್ನು ಇದಕ್ಕಾಗಿ ಮೀಸಲಿಡಿ. ಬ್ಯಾಟರಿಯ ತುದಿಗಳ ಬಿಳಿ ಹಸುರು ಬೂಷ್ಟನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿದು, ವ್ಯಾಸಲೀನ್ ಸವರಿ. ಡಿಸ್ಟಿಲ್ಡ್ ವಾಟರ್ ತಟ್ಟೆಗಳ ಮೇಲೆ ನಿಲ್ಲುವಷ್ಟು ತುಂಬಿ. ಬಾವಿ ನೀರು ಬೇಡ. ಬೆಲ್ಟು ಒತ್ತಿ ನೋಡಿ. ಕಾರ್ಬನ್ ನೋಡಿ, ಹೊಸ ಜೋಡಿಯೊಂದನ್ನು ಜೀಪಿನ ಪೆಟ್ಟಿಗೆಯಲ್ಲಿಡಿ. ಮೀಟರಿನ ಹಿಂದಿನ ನಟ್ಟು, ಬಿಲ್ಲೆ ನೋಡಿ. ಕೊನೆಗೆ ಕತ್ತಲಾದ ಮೇಲೆ ಹೆಡ್ ಲೈಟ್ ಹಾಕಿ ಹತ್ತು ಮೈಲಿ ಓಡಿಸಿ, ವೇಗದಲ್ಲಿ ಮುಳ್ಳು ಸೊನ್ನೆಗಿಂತ ಮೇಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಹಗಲಿನ ಪರೀಕ್ಷೆ ಸಾಲದು ಎಂಬುದನ್ನು ನಾವು ಕಷ್ಟಪಟ್ಟು ಕಲಿತೆವು.

ಸಂಘದ ಕಛೇರಿಯಲ್ಲಿ ಒಂದು ಹೈಡ್ರೋಮೀಟರ್ ಮತ್ತು ಒಂದು ಮಲ್ಟಿಮೀಟರ್ ಇಟ್ಟಿದ್ದೇವೆ. ಸಂತೆಯ ದಿನ ಬರುವ ಸದಸ್ಯರು ತಮ್ಮ ಗಾಡಿಯನ್ನು ಅಲ್ಲಿಯೇ ಪರೀಕ್ಷಿಸಿಕೊಳ್ಳಬಹುದು. ಶುಲ್ಕವಿಲ್ಲ.

ಅಂದು ಲಾರಿಯಲ್ಲಿ ಆಸ್ಪತ್ರೆ ಸೇರಿದ ಮೇಲೆ ಹುಟ್ಟಿದ ಆ ಹುಡುಗ ಈಗ ಪೇಟೆಯಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಕಂಡಾಗಲೆಲ್ಲ ಮಾತಾಡಿಸುತ್ತಾನೆ. ಅವನ ಹೊಸ ಗಾಡಿಯಲ್ಲಿ ಆಂಪಿಯರ್ ಮೀಟರಿಲ್ಲ, ಕೆಂಪು ದೀಪವಷ್ಟೇ. ಅದು ಉರಿದರೆ ಅಸಡ್ಡೆ ಮಾಡಬೇಡ ಎಂದು ನಾವು ಅವನಿಗೆ ಹೇಳುವುದುಂಟು. ಕಾರಣ ಅವನಿಗೂ ಗೊತ್ತು.